ಗೇಟಿನ ಬಳಿ ಒಬ್ಬರು ಕಾಯುತ್ತಿರಲಿ: ವಾಕಿಂಗ್ ಗುಂಪು ಕಟ್ಟಿ, ನಿಲ್ಲದಂತೆ ನಡೆಸುವ ಬಗೆ

ಬೆಳಿಗ್ಗೆ ಐದೂವರೆಗೆ ಅಲಾರಂ ಹೊಡೆದರೆ ಅದನ್ನು ಆರಿಸಿ ಮಗ್ಗುಲು ಬದಲಿಸುವುದು ಎಲ್ಲರಿಗೂ ಸುಲಭ. ಅದೇ ಹೊತ್ತಿಗೆ ಫೋನಿಗೆ "ಅಕ್ಕಾ, ಗೇಟ್ ಹತ್ರ ಇದೀನಿ" ಅಂತ ಮೆಸೇಜು ಬಂದರೆ ಮಲಗಿರಲು ಮನಸ್ಸು ಬರುವುದಿಲ್ಲ. ವಾಕಿಂಗ್ ಗುಂಪಿನ ಬಲವೆಲ್ಲ ಇರುವುದು ಇಲ್ಲಿಯೇ. ನೀವು ಬರಲಿಲ್ಲ ಅನ್ನುವುದು ಒಬ್ಬರಿಗಾದರೂ ತಕ್ಷಣ ಗೊತ್ತಾಗಬೇಕು. ಮೂವತ್ತು ಜನರ ಗುಂಪಿನಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಹೊಸ ವರ್ಷದ ಹುರುಪಿನಲ್ಲಿ ಶುರುವಾದ ದೊಡ್ಡ ಗುಂಪುಗಳು ಯುಗಾದಿಯ ಹೊತ್ತಿಗೆ ಚದುರಿಹೋಗುವುದು ಇದೇ ಕಾರಣಕ್ಕೆ.

ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವ ತಂಡಗಳನ್ನು ನೋಡಿ. ಬೆಂಗಳೂರು, ಮಂಡ್ಯ, ಹಾಸನದ ಕಡೆಯಿಂದ ಬಂದು ಚಾರ್ಮಾಡಿ ಘಾಟಿ ಇಳಿಯುವ ಈ ತಂಡಗಳಲ್ಲಿ ಊರಲ್ಲಿ ಅಂಗಡಿಗೂ ಸ್ಕೂಟರ್ ತೆಗೆಯುವವರು ಇರುತ್ತಾರೆ. ಭಕ್ತಿ ಅವರನ್ನು ಹೊರಡಿಸುತ್ತದೆ. ದಿನವೂ ಮುಂದಿನ ಊರು ಮುಟ್ಟಿಸುವುದರಲ್ಲಿ ಜೊತೆಯವರ ಪಾಲು ದೊಡ್ಡದು. ಯಾರು ಹಿಂದುಳಿದರು, ಯಾರ ಕಾಲಿಗೆ ಬೊಬ್ಬೆ ಬಂತು ಎಂದು ಯಾರೋ ಒಬ್ಬರು ನೋಡುತ್ತಲೇ ಇರುತ್ತಾರೆ. ಆ ಕಣ್ಣನ್ನು ದಿನನಿತ್ಯದ ವಾಕಿಂಗಿಗೆ ತರುವುದು ಹೇಗೆ ಅನ್ನುವುದು ಇಲ್ಲಿನ ವಿಷಯ. ಗುಂಪಿನ ನಡಿಗೆಯ ಲಾಭ ಅಳೆದು ನೋಡಿದ್ದೂ ಇದೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ 42 ಅಧ್ಯಯನಗಳನ್ನು, ಅಂದರೆ 1,843 ಜನರ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗುಂಪಿನಲ್ಲಿ ನಡೆದವರ ರಕ್ತದೊತ್ತಡ, ಸುಮ್ಮನೆ ಕೂತಾಗಿನ ಎದೆಬಡಿತ, ಮೈಕೊಬ್ಬು, ಖಿನ್ನತೆ ತಗ್ಗಿದ್ದವು. ನಡುವೆ ಬಿಟ್ಟುಹೋದವರೂ ಕಡಿಮೆ.

ಎಷ್ಟು ಜನ, ಯಾರು ಯಾರು

ಐದರಿಂದ ಎಂಟು ಜನ ಸಾಕು. ನಾಲ್ಕೇ ಜನರಿದ್ದರೆ ಒಬ್ಬರಿಗೆ ಜ್ವರ, ಇನ್ನೊಬ್ಬರ ಮನೆಗೆ ನೆಂಟರು ಅಂದ ದಿನ ಇಬ್ಬರೇ ಉಳಿಯುತ್ತಾರೆ, ಆ ಇಬ್ಬರೂ "ಇವತ್ತು ಬಿಡಿ" ಅಂದುಬಿಡುತ್ತಾರೆ. ಹತ್ತು ದಾಟಿದರೆ ಒಬ್ಬರು ತಪ್ಪಿಸಿದ್ದು ಉಳಿದವರಿಗೆ ತಿಳಿಯುವುದೇ ಇಲ್ಲ.

ಸೇರಿಸುವಾಗ ಸ್ನೇಹಕ್ಕಿಂತ ಎರಡು ವಿಷಯ ಮುಖ್ಯ. ಮನೆಯಿಂದ ಸೇರುವ ಜಾಗಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ದೂರ ಇರಬಾರದು, ದಿನಚರಿಯ ಹೊತ್ತು ಹೊಂದಬೇಕು. ಬೇರೆ ಬಡಾವಣೆಯ ಆಪ್ತ ಗೆಳೆಯರಿಗಿಂತ ಎದುರು ಮನೆಯ, ಮುಖಪರಿಚಯವಷ್ಟೇ ಇರುವ ಅಂಕಲ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಗಾಡಿ ತೆಗೆದು ವಾಕಿಂಗಿಗೆ ಬರಬೇಕಾದವರು ಮಳೆ ಶುರುವಾದ ಕೂಡಲೇ ಕಡಿಮೆಯಾಗುತ್ತಾರೆ.

ಎಲ್ಲರೂ ಬಂದ ಮೇಲೆ ಜೋಡಿ ಮಾಡಿ. ಇಡೀ ಗುಂಪಿನ ಜೀವ ಇರುವುದು ಇದರಲ್ಲಿ, ಹಾಗಾಗಿ ಇದನ್ನು "ಆಮೇಲೆ ನೋಡೋಣ" ಅಂತ ಮುಂದೂಡಬೇಡಿ. ಒಬ್ಬೊಬ್ಬರಿಗೆ ಒಬ್ಬರು ಜೊತೆಗಾರರು. ಜೊತೆಗಾರರು ಬರದಿದ್ದರೆ ವಿಚಾರಿಸುವ ಜವಾಬ್ದಾರಿ ಆ ಒಬ್ಬರದೇ, ಗುಂಪಿನದಲ್ಲ. ಗಂಡ ಹೆಂಡತಿಯನ್ನು, ಒಂದೇ ಮನೆಯ ಅತ್ತೆ ಸೊಸೆಯನ್ನು ಜೋಡಿ ಮಾಡಬೇಡಿ. ಮನೆಯಲ್ಲಿ ಏನಾದರೂ ಬಂದರೆ ಇಬ್ಬರೂ ಒಟ್ಟಿಗೆ ತಪ್ಪಿಸುತ್ತಾರೆ, ಒಬ್ಬರಿಗೊಬ್ಬರು ರಿಯಾಯಿತಿಯನ್ನೂ ಕೊಟ್ಟುಕೊಳ್ಳುತ್ತಾರೆ. ಬೆಸ ಸಂಖ್ಯೆ ಇದ್ದರೆ ಮೂವರದೊಂದು ಜೋಡಿ ಆಗಲಿ. ತಿಂಗಳಿಗೊಮ್ಮೆ ಜೋಡಿ ಬದಲಿಸಿ.

ತಪ್ಪಿಸಿದವರನ್ನು ವಿಚಾರಿಸುವುದಕ್ಕೂ ಒಂದು ಕ್ರಮ ಬೇಕು. ಮೊದಲ ದಿನ ಖಾಸಗಿಯಾಗಿ ಒಂದು ಸಾಲಿನ ಮೆಸೇಜು: "ಹುಷಾರಾಗಿದೀರಾ?" ಎರಡನೇ ದಿನ ಫೋನು. ಮೂರನೇ ದಿನ ಸಂಜೆ ಮನೆ ಬಾಗಿಲಿಗೇ ಹೋಗಿ, "ನಾಳೆ ನಿಮ್ಮ ಗೇಟಿಗೇ ಬರ್ತೀನಿ, ಹತ್ತು ನಿಮಿಷ ನಡೆದು ವಾಪಸ್ ಬರೋಣ" ಅನ್ನಿ. ಹತ್ತೇ ನಿಮಿಷ ಅನ್ನುವ ಮಾತು ಬಹಳ ಮುಖ್ಯ. ಬಿಟ್ಟವರಿಗೆ ಮತ್ತೆ ಒಂದು ಗಂಟೆ ನಡೆಯುವ ಯೋಚನೆಯೇ ಭಾರ. "ಯಾಕೆ ಬರ್ತಿಲ್ಲ?" ಅಂತ ಎಲ್ಲರ ಮುಂದೆ ಕೇಳಬೇಡಿ. ಉತ್ತರ ಹೇಳಲಾಗದ ಕಾರಣಗಳು ಮನೆಮನೆಯಲ್ಲೂ ಇರುತ್ತವೆ. ಒಮ್ಮೆ ಮುಜುಗರವಾದರೆ ಅವರು ಆ ದಾರಿಯಲ್ಲೇ ಓಡಾಡುವುದು ಬಿಡುತ್ತಾರೆ.

ಸೇರುವ ಜಾಗ, ಹೊತ್ತು

ಜಾಗ ಅಂದರೆ "ಪಾರ್ಕಲ್ಲಿ" ಅಂತಲ್ಲ. ಒಬ್ಬರು ನಿಂತರೆ ದೂರದಿಂದಲೇ ಕಾಣುವ ಒಂದು ಬಿಂದು ಬೇಕು: ಪಾರ್ಕಿನ ಎಡಗಡೆ ಗೇಟು, ನಂದಿನಿ ಹಾಲಿನ ಬೂತು, ಅರಳಿಕಟ್ಟೆ, ದೇವಸ್ಥಾನದ ಚಪ್ಪಲಿ ಸ್ಟ್ಯಾಂಡು. ಹಾಲಿನ ಬೂತು ಒಳ್ಳೆಯ ಆಯ್ಕೆ, ಏಕೆಂದರೆ ಬೆಳಗಿನ ಜಾವವೇ ದೀಪ, ಜನ ಎರಡೂ ಇರುತ್ತವೆ, ಹೆಂಗಸರಿಗೆ ಕತ್ತಲಲ್ಲಿ ಒಬ್ಬರೇ ನಿಲ್ಲುವ ಆತಂಕ ಇರುವುದಿಲ್ಲ. 5:45 ಅಂದರೆ 5:48ರವರೆಗೆ ಕಾಯಿರಿ, ಮೂರೇ ನಿಮಿಷ. ಹತ್ತು ನಿಮಿಷ ಕಾಯುವ ಗುಂಪಿನಲ್ಲಿ ಸಮಯಕ್ಕೆ ಬರುವವರೇ ಮೊದಲು ಬೇಸತ್ತು ಬಿಡುತ್ತಾರೆ. ತಡವಾದವರು ದಾರಿಯಲ್ಲಿ ಬಂದು ಕೂಡಿಕೊಳ್ಳಲಿ. ದಾರಿ ದಿನವೂ ಒಂದೇ ಆಗಿದ್ದರೆ ಇದು ಸಾಧ್ಯ.

ಬೆಳಿಗ್ಗೆಯೇ ಆಗಬೇಕೆಂಬ ಹಟ ಬೇಡ. ಮಕ್ಕಳ ಟಿಫಿನ್ ಬಾಕ್ಸು ಕಟ್ಟಬೇಕಾದವರಿಗೆ ಬೆಳಿಗ್ಗೆ ಆರು ಗಂಟೆ ಎಂದೂ ಹೊಂದುವುದಿಲ್ಲ, ಅವರಿಗೆ ಸಂಜೆ ಐದೂವರೆ ವಾಸಿ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಊರುಗಳಲ್ಲಿ ನೀರು ಬಿಡುವ ದಿನ ಯಾರೂ ವಾಕಿಂಗಿಗೆ ಬರುವುದಿಲ್ಲ, ಬರಲೂ ಆಗುವುದಿಲ್ಲ. ಆ ದಿನವನ್ನು ಮೊದಲೇ ರಜೆ ಎಂದು ಘೋಷಿಸಿ, ಇಲ್ಲವೇ ಸಂಜೆಗೆ ಹಾಕಿ. ಘೋಷಿಸಿದ ರಜೆಯಿಂದ ಅಭ್ಯಾಸಕ್ಕೆ ಏನೂ ಆಗುವುದಿಲ್ಲ, ಹೇಳದೆ ಕೇಳದೆ ತಪ್ಪಿದ ದಿನ ಮಾತ್ರ ಮರುದಿನವನ್ನೂ ಎಳೆದುಕೊಂಡು ಹೋಗುತ್ತದೆ.

ಇನ್ನೊಂದು ಸಣ್ಣ ನಿಯಮ ಬಹಳ ಕೆಲಸ ಮಾಡುತ್ತದೆ. "ನಾಳೆ ಯಾರು ಯಾರು ಬರ್ತೀರಾ?" ಅಂತ ರಾತ್ರಿ ಕೇಳಬೇಡಿ. ವಾಟ್ಸ್‌ಆ್ಯಪಿನಲ್ಲಿ ಪೋಲ್ ಹಾಕುವುದೂ ಬೇಡ. ಕೇಳಿದರೆ "ಇಲ್ಲ" ಎಂದು ಒತ್ತುವುದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಎಲ್ಲರೂ ಬರುತ್ತಾರೆ ಅನ್ನುವುದೇ ಲೆಕ್ಕ. ಬರಲಾಗದವರು ರಾತ್ರಿ 9ರೊಳಗೆ ತಮ್ಮ ಜೊತೆಗಾರರಿಗೆ ತಿಳಿಸಬೇಕು.

ಮೊದಲ ವಾರ ಬರೀ ಎಣಿಕೆ

ಮೊದಲ ಏಳು ದಿನ ಏನನ್ನೂ ಹೆಚ್ಚಿಸಬೇಡಿ. ಎಂದಿನಂತೆ ಇದ್ದು, ದಿನಕ್ಕೆ ಎಷ್ಟು ಹೆಜ್ಜೆ ಆಗುತ್ತದೆ ಎಂದು ಬರೆದುಕೊಳ್ಳಿ. ಗೂಗಲ್ ಫಿಟ್, ಸ್ಯಾಮ್‌ಸಂಗ್ ಹೆಲ್ತ್, ಐಫೋನಿನ ಹೆಲ್ತ್, ಯಾವುದಾದರೂ ನಡೆಯುತ್ತದೆ. ಆದರೆ ನಂಬುವ ಮೊದಲು ಒಮ್ಮೆ ಪರೀಕ್ಷೆ ಮಾಡಿ: ಫೋನಿನಲ್ಲಿರುವ ಸಂಖ್ಯೆ ನೋಡಿಕೊಂಡು, ಬಾಯಲ್ಲಿ ಎಣಿಸುತ್ತಾ 200 ಹೆಜ್ಜೆ ನಡೆದು, ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ. 190ರಿಂದ 210ರೊಳಗೆ ಬಂದರೆ ಸರಿ.

ಎಣಿಕೆ ತಪ್ಪುವುದಕ್ಕೆ ಕಾರಣಗಳು ಹೆಚ್ಚೇನಿಲ್ಲ. ಆ್ಯಪ್‌ಗೆ ದೈಹಿಕ ಚಟುವಟಿಕೆಯ ಅನುಮತಿ ಕೊಟ್ಟಿರುವುದಿಲ್ಲ, ಅಥವಾ ಬ್ಯಾಟರಿ ಉಳಿಸುವ ಸೆಟ್ಟಿಂಗು ಅದನ್ನು ಹಿಂದಿನಿಂದ ನಿಲ್ಲಿಸಿರುತ್ತದೆ; ಆ ಆ್ಯಪ್ ಒಂದಕ್ಕೆ ಬ್ಯಾಟರಿ ನಿರ್ಬಂಧ ತೆಗೆದರೆ ಸರಿಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ ಕೆಲವು ಬ್ಯಾಂಡುಗಳು ಕುಲುಕಾಟವನ್ನೂ ಹೆಜ್ಜೆ ಎಂದು ಎಣಿಸುತ್ತವೆ. ಇನ್ನು ಹೆಚ್ಚು ಅನ್ಯಾಯವಾಗುವುದು ಮನೆಯಲ್ಲಿರುವ ಹೆಂಗಸರಿಗೆ. ಸೀರೆಗೆ, ನೈಟಿಗೆ ಜೇಬಿಲ್ಲ. ಫೋನು ಫ್ರಿಜ್ಜಿನ ಮೇಲಿರುತ್ತದೆ. ಅಡುಗೆಮನೆ, ಹಿತ್ತಿಲು, ಟೆರೇಸು ಅಂತ ದಿನವಿಡೀ ಓಡಾಡಿದ್ದು ಒಂದೂ ಲೆಕ್ಕಕ್ಕೆ ಬರುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಚೀಲವನ್ನೋ ಕೈಗೆ ಕಟ್ಟುವ ಬ್ಯಾಂಡನ್ನೋ ಬಳಸಿ. ಅದೂ ಬೇಡವೆನಿಸಿದರೆ ಹೆಜ್ಜೆ ಬಿಟ್ಟು ನಿಮಿಷ ಎಣಿಸಿ: ಬಿಡುಬೀಸಾಗಿ ನಡೆದ 10 ನಿಮಿಷಕ್ಕೆ ಸುಮಾರು 1,000 ಹೆಜ್ಜೆ. ಒಂದು ಕಿಲೋಮೀಟರಿಗೆ ಎತ್ತರಕ್ಕೆ ತಕ್ಕಂತೆ 1,300ರಿಂದ 1,500 ಹೆಜ್ಜೆ.

ಏಳು ದಿನದ ಮೊತ್ತವನ್ನು ಏಳರಿಂದ ಭಾಗಿಸಿದರೆ ನಿಮ್ಮ ಸರಾಸರಿ ಸಿಗುತ್ತದೆ. ಅದು 2,800 ಇರಬಹುದು, 6,000 ಇರಬಹುದು. ಎಷ್ಟಿದ್ದರೂ ನಾಚಿಕೆಪಡಬೇಕಾದ್ದೇನಿಲ್ಲ, ಅಲ್ಲಿಂದಲೇ ಶುರು. ಎರಡನೇ ವಾರದಿಂದ ದಿನಕ್ಕೆ 500 ಹೆಚ್ಚು, ಅಂದರೆ ಐದೇ ನಿಮಿಷ. ಎರಡು ವಾರ ಅದರಲ್ಲೇ ಇದ್ದು, ವಾರದಲ್ಲಿ ಐದು ದಿನವಾದರೂ ಮುಟ್ಟಿದ್ದರೆ ಮಾತ್ರ ಮತ್ತೆ 500. ಹೀಗೆ 3,200ರಲ್ಲಿದ್ದವರು ಮೂರು ತಿಂಗಳಿಗೆ ಸುಮಾರು 6,000 ಮುಟ್ಟುತ್ತಾರೆ. ಬಹಳ ನಿಧಾನವಾಯಿತು ಅನ್ನಿಸುತ್ತದೆ. ಆದರೆ ಮೊದಲ ದಿನವೇ 10,000ಕ್ಕೆ ಹಾರಿದವರಿಗೆ ಎರಡನೇ ವಾರ ಹಿಮ್ಮಡಿ ನೋವು, ಮೂರನೇ ವಾರ ವಿಶ್ರಾಂತಿ, ಆಮೇಲೆ ಅದೇ ಹಳೆಯ 3,200.

ಅಂದ ಹಾಗೆ ಈ 10,000 ವೈದ್ಯರು ಲೆಕ್ಕ ಹಾಕಿ ಕೊಟ್ಟ ಸಂಖ್ಯೆ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದು ಅದಕ್ಕೆ "ಮಾನ್‌ಪೊ ಕೇ", ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತು. ಅಲ್ಲಿಂದ ಅದು ಜಗತ್ತಿಗೆ ಹಬ್ಬಿತು. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು, 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ಅರವತ್ತು ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಚಿಕ್ಕವರಿಗೆ 8,000ದಿಂದ 10,000 ಒಳ್ಳೆಯ ಗುರಿ. ಅಲ್ಲಿಗೆ ಮುಟ್ಟುವ ಮುಂಚಿನ ಒಂದೊಂದು ಸಾವಿರವೂ ಉಪಯೋಗವೇ. ಗುಂಪಿನ ಹಿರಿಯರಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಿ, "ನನ್ನಿಂದ ಹತ್ತು ಸಾವಿರ ಆಗಲ್ಲಪ್ಪ" ಅಂತ ಹಿಂದೆ ಸರಿಯುವವರು ಇದರಿಂದಲೇ ಉಳಿದುಕೊಳ್ಳುತ್ತಾರೆ.

ಲೆಕ್ಕ ಹೇಳುವ ರೀತಿ

ವಾಟ್ಸ್‌ಆ್ಯಪ್ ಗುಂಪಿಗೆ ಒಂದೇ ಕೆಲಸ. ರಾತ್ರಿ 9:30ರೊಳಗೆ ಪ್ರತಿಯೊಬ್ಬರೂ ಎರಡು ಸಂಖ್ಯೆ ಹಾಕಬೇಕು, ಮೊದಲು ಇವತ್ತಿನದು, ಆಮೇಲೆ ತನ್ನ ಗುರಿ: 4,820/4,500. ಅಷ್ಟೇ. ಸುಭಾಷಿತ, ಹಬ್ಬದ ಚಿತ್ರ, ಮನೆಮದ್ದಿನ ಫಾರ್ವರ್ಡು ಇವಕ್ಕೆ ಬೇಕಿದ್ದರೆ ಬೇರೆ ಗುಂಪು ಮಾಡಿಕೊಳ್ಳಿ. ಒಂದು ದಿನಕ್ಕೆ ನಲವತ್ತು ಮೆಸೇಜು ಬಂದರೆ ಜನ ಗುಂಪನ್ನು ಮ್ಯೂಟ್ ಮಾಡುತ್ತಾರೆ, ಮ್ಯೂಟ್ ಆದ ಮೇಲೆ ಲೆಕ್ಕ ಹಾಕುವುದೂ ಮರೆಯುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ ಸಂಖ್ಯೆಯನ್ನು ಅವರ ಜೊತೆಗಾರರು ಹಾಕಲಿ.

ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನಲ್ಲೂ ಬರೆಯಿರಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಗುರುತು ಹಾಕುವ ಅದೇ ಚೌಕದ ಮೂಲೆಯಲ್ಲಿ ಪೆನ್ನಿನಿಂದ "4.8" ಅಂತ ಬರೆದರೆ ಸಾಕು, ಗುರಿ ಮುಟ್ಟಿದ ದಿನ ಅದರ ಸುತ್ತ ಒಂದು ಸೊನ್ನೆ. ದಿನವೂ ಹತ್ತು ಸಲ ಕಣ್ಣಿಗೆ ಬೀಳುತ್ತದೆ, ಮೊಮ್ಮಕ್ಕಳೂ ನೋಡಿ ಕೇಳುತ್ತಾರೆ. ತಿಂಗಳ ಕೊನೆಗೆ ಹಾಳೆ ತಿರುವುವಾಗ ಸೊನ್ನೆಗಳ ಸಾಲು ಕಾಣುವ ಸಂತೋಷ ಆ್ಯಪಿನ ಪಟಾಕಿ ಚಿತ್ರಕ್ಕಿಂತ ದೊಡ್ಡದು.

ಗುಂಪಿನ ಲೆಕ್ಕ ಬರೆಯಲು ಒಬ್ಬರನ್ನು ಗೊತ್ತು ಮಾಡಿ, ಅವರು ಭಾನುವಾರ ಒಂದು ಪಟ್ಟಿ ಹಾಕಲಿ. ಯಾರು ಎಷ್ಟು ಸಾವಿರ ನಡೆದರು ಎಂಬ ಪಟ್ಟಿ ಬೇಡವೇ ಬೇಡ. ಗುಂಪುಗಳು ಒಡೆಯುವುದು ಹೆಚ್ಚಾಗಿ ಇದರಿಂದಲೇ. ಮೂವತ್ತರ ಹುಡುಗ 14,000 ಹಾಕುತ್ತಾನೆ, ಮಂಡಿನೋವಿನ ಅರವತ್ತೆಂಟರ ಅಮ್ಮ 3,900 ಹಾಕುತ್ತಾರೆ. ಅವರಿಗೆ ಅದು ತಮ್ಮ ಹಳೆಯ ಲೆಕ್ಕದ ಒಂದೂವರೆ ಪಟ್ಟು, ಆದರೂ ಪಟ್ಟಿಯಲ್ಲಿ ಕೊನೆಯ ಹೆಸರು. ಮೂರನೇ ವಾರ ಅವರು ಸಂಖ್ಯೆ ಹಾಕುವುದು ನಿಲ್ಲಿಸುತ್ತಾರೆ. ಪಟ್ಟಿಯಲ್ಲಿ ಬರಬೇಕಾದ್ದು "ತನ್ನ ಗುರಿಯನ್ನು ಏಳರಲ್ಲಿ ಎಷ್ಟು ದಿನ ಮುಟ್ಟಿದರು" ಎಂಬುದು. ಅಲ್ಲಿ ಅಮ್ಮನಿಗೆ 6, ಹುಡುಗನಿಗೆ 4 ಬರುವುದೂ ಉಂಟು.

ಎಲ್ಲರೂ ಸೇರಿ ಒಂದು ದೂರ ಕ್ರಮಿಸುವ ಆಟ ಒಳ್ಳೆಯದು. ಎಂಟು ಜನ ತಮ್ಮ ಹಳೆಯ ಸರಾಸರಿಗಿಂತ ದಿನಕ್ಕೆ 2,000 ಹೆಜ್ಜೆ ಹೆಚ್ಚು ಇಟ್ಟರೆ ತಲಾ 1.4 ಕಿಲೋಮೀಟರ್, ಒಟ್ಟು 11 ಕಿಲೋಮೀಟರ್ ಚಿಲ್ಲರೆ. ಬೆಂಗಳೂರಿನಿಂದ ಮೈಸೂರು ಸುಮಾರು 145 ಕಿಲೋಮೀಟರ್, ಹದಿಮೂರು ದಿನದಲ್ಲಿ ತಲುಪಿದ ಹಾಗಾಯಿತು. ಇವತ್ತು ರಾಮನಗರ ದಾಟಿದೆವು, ಇವತ್ತು ಮದ್ದೂರು ಅಂತ ಗುಂಪಿನಲ್ಲಿ ಹಾಕುತ್ತಾ ಹೋದರೆ ಯಾರೂ ಹಿಂದಿಲ್ಲ, ಎಲ್ಲರ ಹೆಜ್ಜೆಯೂ ಬೇಕು. ಹೆಚ್ಚಾದ ಹೆಜ್ಜೆಯನ್ನು ಮಾತ್ರ ಎಣಿಸುವುದರಿಂದ ಹಿರಿಯರ ಪಾಲೂ ಕಿರಿಯರಷ್ಟೇ ದೊಡ್ಡದಾಗುತ್ತದೆ.

ದಂಡ ಹಾಕುವ ಯೋಚನೆ ಎಲ್ಲ ಗುಂಪಿನಲ್ಲೂ ಒಮ್ಮೆ ಬರುತ್ತದೆ. ತಪ್ಪಿಸಿದರೆ 20 ರೂಪಾಯಿ, ತಿಂಗಳ ಕೊನೆಗೆ ಆ ದುಡ್ಡಲ್ಲಿ ತಿಂಡಿ. ಬೇಡ. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿ ನೋಡಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಡವಾಗಿ ಬರುವವರು ಹೆಚ್ಚಾದರು. ದುಡ್ಡು ಕೊಟ್ಟ ಮೇಲೆ ಸಂಕೋಚ ಉಳಿಯುವುದಿಲ್ಲ. ವಾಕಿಂಗ್ ಗುಂಪು ನಿಂತಿರುವುದೇ "ಪಾಪ, ಅವರು ಕಾಯ್ತಿರ್ತಾರೆ" ಅನ್ನುವ ಆ ಸಂಕೋಚದ ಮೇಲೆ. ಅದನ್ನು 20 ರೂಪಾಯಿಗೆ ಮಾರಬೇಡಿ.

ವೇಗದ ತಕರಾರು

ಒಬ್ಬರು ಬಿರುಸು, ಇನ್ನೊಬ್ಬರು ನಿಧಾನ. ಬಿರುಸಿನವರಿಗೆ ಬೇಸರ, ನಿಧಾನದವರಿಗೆ ಏದುಸಿರು ಮತ್ತು ಅವಮಾನ. ಇದಕ್ಕೆ ಸರಳವಾದ ದಾರಿ ಇದೆ: ಸುತ್ತು ಹೊಡೆಯುವ ಬದಲು ಹೋಗಿ ಬರುವ ದಾರಿ ಹಿಡಿಯಿರಿ. ಕೆರೆ ಏರಿ, ಕಾಲುವೆ ದಂಡೆ, ಉದ್ದನೆಯ ಸರ್ವಿಸ್ ರಸ್ತೆ ಯಾವುದಾದರೂ ಸರಿ. ಎಲ್ಲರೂ ಒಟ್ಟಿಗೆ ಹೊರಡಿ, ತಮ್ಮ ತಮ್ಮ ವೇಗದಲ್ಲಿ ನಡೆಯಿರಿ, 15 ನಿಮಿಷಕ್ಕೆ ಸರಿಯಾಗಿ ಎಲ್ಲಿದ್ದೀರೋ ಅಲ್ಲೇ ತಿರುಗಿ. ಆ ಕ್ಷಣಕ್ಕೆ ಹಿಂದಿದ್ದವರು ಮುಂದಾಗುತ್ತಾರೆ, ಬಿರುಸಿನವರು ಅವರನ್ನು ಹಿಡಿಯುತ್ತಾ ಬರುತ್ತಾರೆ, ಅರ್ಧ ಗಂಟೆಗೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಗೇಟು ಮುಟ್ಟುತ್ತೀರಿ. ಎಲ್ಲರ ಫೋನಿನಲ್ಲೂ 15 ನಿಮಿಷದ ಟೈಮರ್ ಇಟ್ಟರೆ ಸಾಕು. ಸುತ್ತುವ ದಾರಿಯೇ ಇರುವ ಕಡೆ, ಉದಾಹರಣೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯಂಥಲ್ಲಿ, ಪೂರ್ತಿ ಸುತ್ತುವ ಬದಲು ಇದೇ ರೀತಿ ಅರ್ಧಕ್ಕೆ ತಿರುಗಬಹುದು. ನಾನ್ನೂರು ಮೀಟರಿನ ಮೈದಾನದ ಟ್ರ್ಯಾಕಾದರೆ ಈ ತೊಂದರೆಯೇ ಇಲ್ಲ, ಎಲ್ಲರೂ ಕಣ್ಣೆದುರೇ ಇರುತ್ತಾರೆ.

ವೇಗ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬೀಳುತ್ತಿದ್ದರೆ ಅದು ಸಾಧಾರಣ ಬಿರುಸು. ಪೂರ್ತಿ ವಾಕ್ಯ ಹೇಳಲಾಗದೆ ತುಂಡು ತುಂಡಾಗಿ ಮಾತು ಬಂದರೆ ನಿಧಾನಿಸಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಹೇಳುವುದು ಈ ವೇಗದ ಚಟುವಟಿಕೆಯನ್ನೇ. ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ಸಾವಕಾಶ. ಗುಂಪಿನಲ್ಲಿ ಮಾತಿನ ಭರಕ್ಕೆ ಶುರುವಿನಲ್ಲೇ ಬಿರುಸು ಹತ್ತುವುದು ಸಾಮಾನ್ಯ, ಇದನ್ನು ಗಮನಿಸುವ ಕೆಲಸ ಗುಂಪಿನ ನಿಧಾನದವರಿಗೇ ಕೊಡಿ, ಅವರೇ ಮುಂದೆ ನಡೆಯಲಿ.

ಉಳಿದ ಹೆಜ್ಜೆ ಎಲ್ಲಿಂದ

ಅರ್ಧ ಗಂಟೆಯ ಗುಂಪಿನ ನಡಿಗೆಯಿಂದ ಸುಮಾರು 3,000 ಬರುತ್ತದೆ. ಮಿಕ್ಕಿದ್ದು ಮನೆ, ಕೆಲಸದ ಜಾಗದಲ್ಲೇ ಸಿಗಬೇಕು. ಊಟದ ನಂತರದ 10 ನಿಮಿಷಕ್ಕೆ ಮೊದಲ ಸ್ಥಾನ. ನ್ಯೂಜಿಲೆಂಡಿನಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯವರನ್ನು ಪರೀಕ್ಷಿಸಿದಾಗ, ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟದ ನಂತರ ಹತ್ತತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು. 2016ರಲ್ಲಿ ಇದು ಪ್ರಕಟವಾಯಿತು. ನಮ್ಮ ಅನ್ನ, ಮುದ್ದೆ, ಚಪಾತಿಯ ರಾತ್ರಿಯೂಟಕ್ಕೆ ಇದು ಹೇಳಿ ಮಾಡಿಸಿದ ಅಭ್ಯಾಸ. ಗುಂಪಿನವರು ರಾತ್ರಿ 9ಕ್ಕೆ ತಮ್ಮ ತಮ್ಮ ಟೆರೇಸಿನಲ್ಲೇ ನಡೆದು, ಮುಗಿದ ಮೇಲೆ ಹೆಜ್ಜೆಯ ಲೆಕ್ಕ ಹಾಕಿದರೆ ಎರಡೂ ಕೆಲಸ ಒಂದೇ ಹೊತ್ತಿಗೆ ಆಗುತ್ತದೆ. ಫೋನು ಬಂದಾಗ ಎದ್ದು ನಡೆಯುತ್ತಾ ಮಾತಾಡುವುದು, ಸೊಪ್ಪು ತರಲು ಗಾಡಿ ಬಿಡುವುದು, ಬಸ್ಸನ್ನು ಒಂದು ಸ್ಟಾಪ್ ಮುಂಚೆ ಇಳಿಯುವುದು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ವಾರಕ್ಕೆ ಒಂದನ್ನು ಮಾತ್ರ ಆರಿಸಿಕೊಂಡು ಜೊತೆಗಾರರಿಗೆ ಹೇಳಿಡಿ. ಹೇಳಿದ್ದು ನಡೆಯುತ್ತದೆ, ಮನಸ್ಸಿನಲ್ಲೇ ಇಟ್ಟುಕೊಂಡದ್ದು ಮರೆತುಹೋಗುತ್ತದೆ.

ಕಾಲು, ನಾಯಿ, ಶುಗರ್

ಹವಾಯಿ ಚಪ್ಪಲಿಯಲ್ಲಿ ದಿನವೂ ಮೂರು ಕಿಲೋಮೀಟರ್ ನಡೆಯಬೇಡಿ. ಅದು ಜಾರದಂತೆ ಬೆರಳುಗಳು ಹಿಡಿದೇ ಇರಬೇಕು, ಅದರಿಂದ ಪಾದ ಮತ್ತು ಮೊಣಕಾಲಿನ ಕೆಳಗಿನ ಮೂಳೆಯ ಪಕ್ಕ ನೋವು ಬರುತ್ತದೆ. ಶೂ ಕೊಳ್ಳಲು ಸಂಜೆ ಹೋಗಿ, ಪಾದ ಆಗ ಸ್ವಲ್ಪ ಊದಿರುತ್ತದೆ. ನೀವು ಹಾಕುವ ಕಾಲುಚೀಲ ಹಾಕಿಕೊಂಡೇ ನೋಡಿ, ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ, ಹಿಮ್ಮಡಿ ಮೇಲಕ್ಕೆ ಜಾರಬಾರದು. 600ರಿಂದ 800 ಕಿಲೋಮೀಟರಿಗೆ ಮೆತ್ತೆ ಸತ್ತುಹೋಗುತ್ತದೆ, ಮೇಲೆ ನೋಡಲು ಶೂ ಹೊಸದಾಗಿಯೇ ಕಾಣುತ್ತಿರಬಹುದು. ವಾರಕ್ಕೆ 24 ಕಿಲೋಮೀಟರ್ ನಡೆಯುವವರಿಗೆ ಇದು ಆರರಿಂದ ಎಂಟು ತಿಂಗಳು.

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾದರೆ ಅಂಗಾಲಿನ ಪಟ್ಟಿ ಊದಿಕೊಂಡಿರುವ ಲಕ್ಷಣ. ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ, ಗೋಡೆಗೆ ಕೈಕೊಟ್ಟು ಮೀನಖಂಡವನ್ನು 30 ಸೆಕೆಂಡಿನಂತೆ ಮೂರು ಸಲ ಎಳೆಯಿರಿ, ತಣ್ಣನೆ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸಿ. ಮನೆಯೊಳಗಿನ ಗಟ್ಟಿ ನೆಲದ ಮೇಲೂ ಮೆತ್ತನೆಯ ಚಪ್ಪಲಿ ಹಾಕಿ. ಎರಡು ಮೂರು ವಾರಕ್ಕೂ ತಗ್ಗದಿದ್ದರೆ ವೈದ್ಯರಿಗೆ ತೋರಿಸಿ. ಆ ದಿನಗಳಲ್ಲೂ ಗೇಟಿನವರೆಗೆ ಬಂದು ಕಟ್ಟೆಯ ಮೇಲೆ ಕೂತು ಹೋಗುವುದು ಒಳ್ಳೆಯದು. ಕಾಲು ವಾಸಿಯಾದಾಗ ಹೊತ್ತು ಕೈಬಿಟ್ಟಿರುವುದಿಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಯಾರೆಂದು ಜೊತೆಗಾರರಿಗೆ ಗೊತ್ತಿರಬೇಕು. ಬರಿಹೊಟ್ಟೆಯಲ್ಲಿ ನಡೆದರೆ ಇವರಿಗೆ ಶುಗರ್ ಇಳಿಯಬಹುದು. ಹೊರಡುವ ಮುನ್ನ 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಹೊರಡಲಿ. ದಾರಿಯಲ್ಲಿ ಬೆವರು, ಕೈನಡುಕ, ಮಂಕು ಬಂದರೆ ತಕ್ಷಣ ಕೂರಿಸಿ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕೊಟ್ಟು 15 ನಿಮಿಷ ಕಾಯಿರಿ, ಸರಿಹೋಗದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಎದೆ ಹಿಡಿದಂತೆ, ನೋವು ಎಡತೋಳಿಗೋ ದವಡೆಗೋ ಹರಿದಂತೆ ಆದರೂ 108, "ಗ್ಯಾಸ್ ಇರಬೇಕು" ಅಂತ ಮನೆವರೆಗೆ ನಡೆಸಿಕೊಂಡು ಹೋಗಬೇಡಿ. ಹೃದ್ರೋಗ ಇರುವವರು, ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆ ಇರುವವರು ಶುರು ಮಾಡುವ ಮುನ್ನ ವೈದ್ಯರನ್ನು ಕೇಳಲಿ. ಸಕ್ಕರೆ ಕಾಯಿಲೆ ಇರುವವರು ಹುಲ್ಲಿನ ಮೇಲೂ ಬರಿಗಾಲಲ್ಲಿ ನಡೆಯುವುದು ಬೇಡ.

ಬೀದಿನಾಯಿ ಅಡ್ಡ ಬಂದರೆ ಓಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಎಲ್ಲರೂ ಒತ್ತಾಗಿ ನಿಂತು, ಕೈ ಕೆಳಗಿಟ್ಟು, ನಿಧಾನಕ್ಕೆ ಪಕ್ಕಕ್ಕೆ ಸರಿಯಿರಿ. ಕಚ್ಚಿದರೆ, ಪರಚಿದರೂ ಸಹ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿ. ಸುಣ್ಣ, ಅರಿಶಿನ, ಖಾರದ ಪುಡಿ ಹಚ್ಚಬೇಡಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎದುರಿನ ಗಾಡಿ ಕಾಣುವಂತೆ ಬಲಗಡೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಕತ್ತಲಲ್ಲಿ ಬಿಳಿ ಅಥವಾ ತಿಳಿಬಣ್ಣದ ಬಟ್ಟೆ ಹಾಕಿ.

ಮಳೆ, ಹಬ್ಬ, ಬಿಟ್ಟು ಮತ್ತೆ ಬಂದವರು

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ನಡಿಗೆಯನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ. ಮೇ ತಿಂಗಳಲ್ಲೇ ಮಳೆಯ ಜಾಗ ಗೊತ್ತು ಮಾಡಿ: ಶೀಟ್ ಹಾಕಿದ ಟೆರೇಸು, ಅಪಾರ್ಟ್‌ಮೆಂಟಿನ ಪಾರ್ಕಿಂಗು, ಕೇಳಿದರೆ ಬಿಟ್ಟುಕೊಡುವ ಶಾಲೆಯ ಜಗಲಿ. 20 ಮೀಟರಿನ ಜಗಲಿಯಲ್ಲಿ 50 ಸಲ ಈ ತುದಿಯಿಂದ ಆ ತುದಿಗೆ ಹೋದರೆ ಒಂದು ಕಿಲೋಮೀಟರ್. ಒಂದೇ ಕಡೆಗೆ ತಿರುಗುತ್ತಿದ್ದರೆ ಮಂಡಿಗೆ ಭಾರ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿ. ಕಲಬುರಗಿ, ರಾಯಚೂರಿನ ಕಡೆಯ ಬೇಸಿಗೆಗೆ ನಿಯಮ ಒಂದೇ, ಬೆಳಿಗ್ಗೆ ಏಳರೊಳಗೆ ಮನೆ ಸೇರಿರಬೇಕು.

ಹಬ್ಬ, ಮದುವೆ, ಊರ ಜಾತ್ರೆ ಬಂದೇ ಬರುತ್ತವೆ. ತಿಂಗಳ ಮೊದಲ ದಿನ ಕ್ಯಾಲೆಂಡರ್ ನೋಡಿ ರಜೆ ಗುರುತು ಹಾಕಿ. ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ 18, ಕೆಲವರಿಗೆ ಎಂಟು ತಿಂಗಳೂ ಬೇಕಾಗಬಹುದಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಆದ್ದರಿಂದ "ಇಪ್ಪತ್ತೊಂದು ದಿನ ಮಾಡಿದರೆ ಸಾಕು" ಅಂತ ಯಾರಿಗೂ ಮಾತು ಕೊಡಬೇಡಿ. ಇಪ್ಪತ್ತೆರಡನೇ ದಿನವೂ ಏಳಲು ಕಷ್ಟವಾದರೆ ತಮ್ಮಲ್ಲೇ ಏನೋ ದೋಷವಿದೆ ಅಂದುಕೊಳ್ಳುತ್ತಾರೆ.

ಹದಿನೈದು ದಿನಕ್ಕಿಂತ ಹೆಚ್ಚು ಬಿಟ್ಟವರು ಹಳೆಯ ಗುರಿಯ ಅರ್ಧದಿಂದ ಶುರು ಮಾಡಲಿ, ವಾರದ ಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಜ್ವರ ಬಂದು ಎದ್ದವರಿಗೆ ಇದು ಇನ್ನೂ ಮುಖ್ಯ. ಬಂದ ದಿನ ಗುಂಪಿನಲ್ಲಿ ಅವರ ಗುರಿಯನ್ನೂ ಇಳಿಸಿ ಬರೆಯಿರಿ, ಮೊದಲ ದಿನವೇ 2,100/2,000 ಅಂತ ಹಾಕಲು ಸಿಗಬೇಕು.

ವಾಕಿಂಗ್ ಮುಗಿಸಿ ದರ್ಶಿನಿಗೆ ಹೋಗುವುದು ವಾರಕ್ಕೊಮ್ಮೆ, ಭಾನುವಾರ ಇರಲಿ. ಅದು ಗುಂಪನ್ನು ಹಿಡಿದಿಡುತ್ತದೆ, ಬಿಡಬಾರದು. ದಿನವೂ ಆದರೆ ಮಾತ್ರ ಒಂದು ಗಂಟೆಯ ನಡಿಗೆ ಒಂದು ಬೆಣ್ಣೆ ಮಸಾಲೆಯಲ್ಲಿ ಮುಗಿದುಹೋಗುತ್ತದೆ. ತಿಂಗಳ ಮೊದಲ ಭಾನುವಾರದ ಆ ಕಾಫಿಯ ಹೊತ್ತಲ್ಲೇ ಲೆಕ್ಕ ಬರೆಯುವವರನ್ನು, ಜೋಡಿಗಳನ್ನು ಬದಲಿಸಿ. ಒಬ್ಬರೇ ವರ್ಷವಿಡೀ ಲೆಕ್ಕ ಬರೆದರೆ ಅವರು ಊರಿಗೆ ಹೋದ ವಾರ ಗುಂಪೂ ನಿಲ್ಲುತ್ತದೆ.

ಗುಂಪು ಬೆಳೆದು ಹತ್ತು ದಾಟಿತೆಂದರೆ ಎರಡು ಮಾಡಿ. ಎರಡರಲ್ಲೂ ಕನಿಷ್ಠ ಇಬ್ಬರು ಹಳಬರು ಇರಲಿ, ಸೇರುವ ಗೇಟು ಬೇರೆ ಇರಲಿ, ಹೊತ್ತು ಒಂದೇ ಇರಲಿ, ದಾರಿಯಲ್ಲಿ ಎದುರುಬದುರಾಗುವಂತೆ. ಹೊಸದಾಗಿ ಬಂದವರನ್ನು ಮೊದಲ ವಾರ ಗುಂಪಿನ ಅತಿ ನಿಧಾನದವರ ಪಕ್ಕಕ್ಕೆ ಹಾಕಿ, ಅವರ ಮನೆ ಯಾವುದೆಂದು ಅವತ್ತೇ ನೋಡಿಕೊಂಡು ಬನ್ನಿ, ಎರಡನೇ ದಿನ ಬೆಳಿಗ್ಗೆ ಅವರ ಗೇಟಿನ ಎದುರೇ ನಿಂತು ಮೆಸೇಜು ಹಾಕಿ.